ಏಳದ ಕಂಪ್ಯೂಟರಿಗೆ ಮೋಟಾರ್ ತಿಪ್ಪೇಶನ ಚಿಕಿತ್ಸೆ

ಕಾವ್ಯ: ಮುಟ್ಟಬ್ಯಾಡ್ರಿ ಅಂದೆ. ಒಂದ್ಸಲ ಅಂದೆ, ಎರಡು ಸಲ ಅಂದೆ. ಅದೇನು ನಿಮ್ಮ ಬೋರ್‌ವೆಲ್ ಮೋಟಾರಾ, ಬಡಿದ್ರೆ ಏಳಾಕೆ?

ತಿಪ್ಪೇಶ: ಬಡಿದಿದ್ದಲ್ಲ ಕಣೇ, ತಟ್ಟಿ ನೋಡಿದ್ದು. ತೆಂಗಿನಕಾಯಿ ತಟ್ಟಿ ನೋಡಲ್ವಾ? ಒಳಗೆ ಏನೈತೆ ಅಂತ ಶಬ್ದದಾಗೇ ಗೊತ್ತಾಗುತ್ತೆ.

ಕಾವ್ಯ: ಏನು ಗೊತ್ತಾತು?

ತಿಪ್ಪೇಶ: ಒಳಗೆ ಏನೋ ಐತೆ ಅಂತ ಗೊತ್ತಾತು.

ಸೋಮವಾರ ಮಧ್ಯಾಹ್ನ ಎರಡೂವರೆ. ಹೊಳಲ್ಕೆರೆಯ ಆ ಮನೆಯ ನಡುಮನೆಯಲ್ಲಿ ಮೇಜಿನ ಮೇಲೆ ಡೆಸ್ಕ್‌ಟಾಪ್ ಕಂಪ್ಯೂಟರು ಕೂತಿತ್ತು. ಪರದೆ ಹತ್ತಿಕೊಂಡಿತ್ತು, ಅದರ ಮೇಲೆ ‘ನೋ ಸಿಗ್ನಲ್’ ಅನ್ನುವ ಎರಡು ಪದ ಕೆಲಸವಿಲ್ಲದ ಪುಂಡರ ಹಾಗೆ ಆ ಮೂಲೆಯಿಂದ ಈ ಮೂಲೆಗೆ ಅಡ್ಡಾಡುತ್ತಿದ್ದವು. ಪಕ್ಕದ ಸಿಪಿಯು ಪೆಟ್ಟಿಗೆ ಮಾತ್ರ, ಗುಂಡಿ ಎಷ್ಟು ಒತ್ತಿದರೂ ಕಮಕ್ ಕಿಮಕ್ ಅನ್ನದೆ ಕೂತಿತ್ತು.

ಕಾವ್ಯ ಹೊರಕೆರೆದೇವಪುರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಅವಳ ಹತ್ತನೇ ತರಗತಿಯ ಅರವತ್ತೆರಡು ಮಕ್ಕಳ ಆಂತರಿಕ ಅಂಕಗಳು, ಮೂರು ರಾತ್ರಿ ಕೂತು ಬೆರಳು ಸವೆಸಿ ತುಂಬಿದ್ದವು, ಆ ಪೆಟ್ಟಿಗೆಯ ಹೊಟ್ಟೆಯಲ್ಲಿದ್ದವು. ಇನ್ನೆಲ್ಲೂ ಇರಲಿಲ್ಲ. ಅವನ್ನು ಸಂಜೆ ಐದರೊಳಗೆ ಇಲಾಖೆಯ ಜಾಲತಾಣಕ್ಕೆ ಏರಿಸಬೇಕು. ಐದು ಹೊಡೆಯುತ್ತಲೂ ಅದು ಬಾಗಿಲು ಹಾಕಿಕೊಳ್ಳುತ್ತದೆ, ಅರವತ್ತೆರಡು ಮಕ್ಕಳ ಹೆಸರಿನ ಮುಂದೆ ಸೊನ್ನೆ ಕೂರುತ್ತದೆ. ಶಾಲೆಯ ಇಂಟರ್‌ನೆಟ್ ತೀರಿಕೊಂಡು ಹದಿನೈದು ದಿನವಾಗಿದ್ದರಿಂದ ಹೆಡ್‌ಮಾಸ್ಟರು “ಮನೇಲೇ ಕೂತು ಕಳಿಸಿಬಿಡಿ ಮೇಡಂ” ಎಂದು ಅವಳಿಗೆ ಮಧ್ಯಾಹ್ನದ ಮೇಲೆ ಬಿಡುವು ಕೊಟ್ಟಿದ್ದರು. ಸೋಮವಾರ ಹಗಲು ಹೊತ್ತಿನಲ್ಲಿ ಅವಳು ಈ ಕಂಪ್ಯೂಟರಿನ ಮುಂದೆ ಕೂತದ್ದು ಇದೇ ಮೊದಲು. ಬೇರೆ ದಿನ ಶಾಲೆಯಿಂದ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ. ರಜೆಯಲ್ಲಿ ಅವಳು ಅದರ ಮುಖ ನೋಡುವವಳಲ್ಲ.

ಅವಳ ಗಂಡ ತಿಪ್ಪೇಶನಿಗೆ ಹೊಸದುರ್ಗ ರಸ್ತೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟಿಗೆ ತಂತಿ ಸುತ್ತುವುದರಲ್ಲಿ ಅವನದು ಎತ್ತಿದ ಕೈ, ಅದನ್ನು ಯಾರೂ ಇಲ್ಲ ಅನ್ನುವಂತಿಲ್ಲ. ತೊಂದರೆ ಏನೆಂದರೆ, ತನಗೆ ಗೊತ್ತಿಲ್ಲದ ಯಂತ್ರ ಈ ತಾಲ್ಲೂಕಿನಲ್ಲಿ ಹುಟ್ಟೇ ಇಲ್ಲ ಎಂದು ಅವನು ನಂಬಿದ್ದ. ಹುಟ್ಟಿದ್ದರೆ ತಪ್ಪು ಆ ಯಂತ್ರದ್ದು. ಇವತ್ತು ಅಂಗಡಿಗೆ ಬಾಗಿಲು ಹಾಕಿ ಉಂಡು ಮಲಗಿದ್ದವನು ಹೆಂಡತಿ ಗೊಣಗುವುದು ಕೇಳಿ, ಕರೆಯದಿದ್ದರೂ ಎದ್ದು ಬಂದಿದ್ದ.

ತಿಪ್ಪೇಶ: ನೋಡು, ಯಂತ್ರ ಅಂದ್ಮೇಲೆ ಎಲ್ಲಾ ಒಂದೇ. ಕರೆಂಟ್ ಬರಬೇಕು, ಸ್ಟಾರ್ಟರ್ ಹಿಡೀಬೇಕು, ಮೋಟಾರ್ ತಿರುಗಬೇಕು, ನೀರು ಬೀಳಬೇಕು.

ಕಾವ್ಯ: ಇದರಾಗೆ ಎಲ್ಲಿ ಬೀಳುತ್ತೆ ನೀರು?

ತಿಪ್ಪೇಶ: ಒಂದು ಉದಾಹರಣೆ ಕೊಟ್ರೆ ಅದನ್ನೇ ಹಿಡ್ಕಂಡು ಜೋತು ಬೀಳ್ತೀಯಲ್ಲ. ಮಕ್ಕಳಿಗೆ ಅದೆಂಗೆ ಪಾಠ ಹೇಳ್ತೀಯೋ!

ಕಾವ್ಯ: ಮಕ್ಕಳು ತೆಂಗಿನಕಾಯಿ ತಟ್ಟಿದಂಗೆ ನನ್ನ ಕಂಪ್ಯೂಟರ್ ತಟ್ಟಲ್ಲ.

ಬಾಗಿಲ ಪಕ್ಕದ ಮಂಚದ ಮೇಲೆ ತಿಪ್ಪೇಶನ ತಾಯಿ ಅನ್ನಪೂರ್ಣಮ್ಮ ಕಾಲು ಚಾಚಿ ಕೂತು, ಸಂಜೆಯ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಎಪ್ಪತ್ತಾರು ವರ್ಷ. ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು, ಆದರೆ ಇವತ್ತು ಯಾಕೋ ಮಾತು ಕಮ್ಮಿ.

ಅನ್ನಪೂರ್ಣಮ್ಮ: ಇವತ್ತು ಸೋಮವಾರ ಕಣಪ್ಪ.

ತಿಪ್ಪೇಶ: ಗೊತ್ತೈತೆ ಸುಮ್ನೆ ಕುಂತ್ಕಳವ್ವ. ಸೋಮವಾರ ಅಂತ ಕರೆಂಟ್ ಬರಲ್ವಾ?

ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರಲ್ಲ, ಹಾಗೆ ಅಂದುಕೊಂಡಳು ಕಾವ್ಯ. ಇಲ್ಲಿ ಅರವತ್ತೆರಡು ಮಕ್ಕಳ ಹಣೆಬರಹ ನೇತಾಡುತ್ತಿದೆ, ಇವರು ಪಂಚಾಂಗ ಓದುತ್ತಿದ್ದಾರೆ.

ತಿಪ್ಪೇಶ ಒಳಗೆ ಹೋಗಿ ತನ್ನ ಸಾಮಾನಿನ ಚೀಲ ತಂದು ಕುಕ್ಕಿದ. ಅದರೊಳಗಿಂದ ಟೆಸ್ಟರ್, ಎಣ್ಣೆಯ ಕುಪ್ಪಿ, ಮರದ ಸುತ್ತಿಗೆ, ಮೊಳದುದ್ದದ ಒಂದು ಸ್ಪ್ಯಾನರ್ ಹೊರಗೆ ಬಂದವು.

ಕಾವ್ಯ: ಆ ಸ್ಪ್ಯಾನರ್ ಯಾಕೆ?

ತಿಪ್ಪೇಶ: ಇರಲಿ. ಇದ್ರೆ ಧೈರ್ಯ.

ಕಾವ್ಯ: ನಿಮಗಾ, ಕಂಪ್ಯೂಟರಿಗಾ?

ತಿಪ್ಪೇಶ ಟೆಸ್ಟರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಕೆಂಪು ದೀಪ ಮಿಣುಕಿತು. ಮೇಜಿನ ಕೆಳಗಿದ್ದ ಯುಪಿಎಸ್ ಪೆಟ್ಟಿಗೆಯ ಹಸಿರು ದೀಪ ಬಗ್ಗಿ ನೋಡಿದ. ಆಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತ.

ತಿಪ್ಪೇಶ: ಗೋಡ್ಯಾಗೆ ಕರೆಂಟ್ ಐತೆ. ಯುಪಿಎಸ್‌ನಾಗೆ ಐತೆ. ಟಿವಿ ಹತ್ತೈತೆ.

ಕಾವ್ಯ: ಟಿವಿ ಅಲ್ರಿ ಅದು, ಮಾನಿಟರ್.

ತಿಪ್ಪೇಶ: ಹತ್ತೈತಲ್ಲ? ಹೆಸರು ಏನಾದ್ರೂ ಇರಲಿ. ಅಂದ್ರೆ ಕರೆಂಟ್ ಕಡೆಯಿಂದ ಏನೂ ತಪ್ಪಿಲ್ಲ. ಮೋಟಾರ್ ಜಾಮ್ ಆಗೈತೆ. ಮಳೆಗಾಲದಾಗೆ ಭೀಮಸಮುದ್ರದ ತೋಟದೋರು ತರ್ತಾರಲ್ಲ, ಮೂರು ತಿಂಗಳು ಓಡಿಸ್ದೆ ಬಿಟ್ಟ ಮೋಟಾರು, ಥೇಟ್ ಅದೇ ಕೇಸು.

ಕಾವ್ಯ: ನಿನ್ನೆ ರಾತ್ರಿ ಹನ್ನೊಂದರ ತನಕ ಓಡೈತೆ ಇದು!

ತಿಪ್ಪೇಶ: ಹಂಗಾದ್ರೆ ಹೀಟ್ ಆಗಿ ಸುಟ್ಟೈತೆ.

ಕಾವ್ಯ: ಈಗ ಜಾಮ್ ಅಂದ್ರಿ?

ತಿಪ್ಪೇಶ: ಜಾಮ್ ಆಗಿ ಹೀಟ್ ಆಗಿ ಸುಟ್ಟೈತೆ. ಕೆಲಸ ಮಾಡೋರ ನಡುವೆ ಬಾಯಿ ಹಾಕಬ್ಯಾಡ.

ಕುಣಿಯಲಾರದವಳಿಗೆ ನೆಲ ಡೊಂಕಾದರೆ, ಇವನಿಗೆ ನೆಲವೂ ಡೊಂಕು, ತಾಳವೂ ಡೊಂಕು, ಕಡೆಗೆ ನೋಡುವವರ ಕಣ್ಣೂ ಡೊಂಕು. ಕಾವ್ಯ ಹಲ್ಲು ಕಚ್ಚಿ ಫೋನ್ ತೆಗೆದಳು. ಈ ಕಂಪ್ಯೂಟರ್ ಕೊಡಿಸಿ, ವರ್ಷಕ್ಕೊಮ್ಮೆ ಬಂದು ಧೂಳು ಹೊಡೆದು ಹೋಗುತ್ತಿದ್ದ ಚಿತ್ರದುರ್ಗದ ಹನುಮೇಶನಿಗೆ ಕರೆ ಮಾಡಿ, ಧ್ವನಿ ಎಲ್ಲರಿಗೂ ಕೇಳುವಂತೆ ಇಟ್ಟಳು.

ಹನುಮೇಶ: ಮೇಡಂ, ನಾನು ಹಿರಿಯೂರಾಗೆ ಇದೀನಿ. ಬರಾಕೆ ಸಂಜೆ ಏಳಾಗುತ್ತೆ. ಏನಾಗೈತೆ ಹೇಳ್ರಿ.

ಕಾವ್ಯ: ಸಿಪಿಯು ಆನ್ ಆಗ್ತಿಲ್ಲಪ್ಪ. ಒಂದು ಲೈಟೂ ಇಲ್ಲ, ಸದ್ದೂ ಇಲ್ಲ.

ಹನುಮೇಶ: ಸ್ವಿಚ್ ನೋಡಿದ್ರಾ?

ಕೇಳಿದ್ದೇ ತಡ, ತಿಪ್ಪೇಶ ಹೆಂಡತಿಯ ಕೈಯಿಂದ ಫೋನ್ ಕಿತ್ತುಕೊಂಡ.

ತಿಪ್ಪೇಶ: ಏನಪ್ಪ ಹನುಮೇಶ, ಯಾರಿಗೆ ಹೇಳ್ತಿದೀಯ ಗೊತ್ತೈತಾ? ಇಪ್ಪತ್ತಾರು ವರ್ಷ ಕರೆಂಟ್ ಜೊತೆ ಸಂಸಾರ ಮಾಡೀನಿ. ನನಗೇ ಸ್ವಿಚ್ ನೋಡು ಅಂತೀಯಾ?

ಹನುಮೇಶ: ಅಲ್ಲಣ್ಣ, ನಾನು ಕೇಳಿದ್ದು ಹಿಂದ್ಗಡೆ...

ತಿಪ್ಪೇಶ: ಹಿಂದ್ಗಡೆ ಮುಂದ್ಗಡೆ ಎಲ್ಲಾ ನೋಡೀನಿ. ಟೆಸ್ಟರ್ ಹಾಕಿ ನೋಡೀನಿ! ಇಡು ಫೋನು!

ಇಡು ಅಂದವನು ತಾನೇ ಇಟ್ಟ.

ಕಾವ್ಯ: ಅವನು ಏನೋ ಹೇಳ್ತಿದ್ದ.

ತಿಪ್ಪೇಶ: ಸ್ವಿಚ್ ನೋಡು ಅಂತಾನೆ! ನಾಳೆ ಬಂದು, ಅಣ್ಣ ನಿನಗೆ ಅಂಗಿ ಗುಂಡಿ ಹಾಕ್ಕಳಾಕೆ ಬರುತ್ತಾ ಅಂತಾನೆ!

ಕಾವ್ಯ: ಹಾಕ್ಕಂಡಿರೋದು ಮೇಲೆ ಕೆಳಗಾಗೈತೆ, ನೋಡ್ಕಳ್ರಿ.

ತಿಪ್ಪೇಶ ಬಗ್ಗಿ ನೋಡಿಕೊಂಡ. ಆಗಿತ್ತು. ಅದಕ್ಕೂ ಸಿಟ್ಟು ಬಂತು.

ಅನ್ನಪೂರ್ಣಮ್ಮ: ಅದನ್ನ ಬಲವಂತ ಮಾಡಬ್ಯಾಡ್ರಿ. ಹೊತ್ತು ಮುಳುಗಿ ದೀಪ ಹಚ್ಚಿದ ಮ್ಯಾಲೆ ತಾನೇ ಏಳ್ತದೆ.

ತಿಪ್ಪೇಶ: ಕೇಳ್ದೇನೇ? ದೀಪ ಹಚ್ಚಿದ್ರೆ ಏಳುತ್ತಂತೆ. ಊದಿನಕಡ್ಡಿನೂ ಹಚ್ಚವ್ವ, ಕಂಪ್ಯೂಟರ್ ಮೈಮೇಲೆ ದೇವ್ರು ಬಂದು ಅಂಕ ತಾನೇ ಕಳಿಸಿಕೊಳ್ತದೆ.

ಕಾವ್ಯ: ಅತ್ತೆ, ನಿಮಗೆ ಇದೆಲ್ಲ ಗೊತ್ತಾಗಲ್ಲ. ಸುಮ್ನೆ ಕುಂತ್ಕಳ್ರಿ.

ಗಂಡ ಹೆಂಡತಿ ಮಧ್ಯಾಹ್ನದಿಂದ ಒಮ್ಮತಕ್ಕೆ ಬಂದದ್ದು ಇದೊಂದೇ ವಿಷಯದಲ್ಲಿ. ಅನ್ನಪೂರ್ಣಮ್ಮ ತುಟಿ ಬಿಗಿದು ಇನ್ನೊಂದು ಬತ್ತಿ ಹೊಸೆದಳು.

ಗಂಟೆ ಮೂರೂಕಾಲು. ತಿಪ್ಪೇಶ ಪೆಟ್ಟಿಗೆಯ ಮಗ್ಗುಲಿನ ತಗಡು ಬಿಚ್ಚತೊಡಗಿದ. ಆ ತಗಡಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇತ್ತು, ಇವತ್ತೇ ಬಳಿದದ್ದು. ನೆತ್ತಿಯ ಮೇಲೆ ಒಂದು ಕಣಗಿಲೆ ಹೂವು. ಅತ್ತೆ ಗೋಡೆಯ ಗಡಿಯಾರಕ್ಕೂ ಹೂವಿಡುವವಳು, ಕಾವ್ಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಿಪ್ಪೇಶ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಕಿವಿಗೆ ಸಿಕ್ಕಿಸಿ, ತಗಡು ಕಿತ್ತ.

ತಿಪ್ಪೇಶ: ನೋಡು, ಸಿಕ್ತು! ಫ್ಯಾನು. ಬೇರಿಂಗ್ ಹಿಡ್ಕಂಡೈತೆ.

ಬೆರಳಿನಿಂದ ತಿರುಗಿಸಿದ. ಫ್ಯಾನ್ ಗಿರ್ರನೆ ತಿರುಗಿತು.

ಕಾವ್ಯ: ತಿರುಗ್ತು.

ತಿಪ್ಪೇಶ: ಈಗ ತಿರುಗ್ತು. ನಾನು ಮುಟ್ಟಿದ್ದಕ್ಕೆ ತಿರುಗ್ತು. ಇರಲಿ, ಎರಡು ತೊಟ್ಟು ಎಣ್ಣೆ ಬಿಡಾಣ.

ಕಾವ್ಯ: ಎಣ್ಣೆ ಬ್ಯಾಡ್ರಿ!

ಬಿಟ್ಟಾಗಿತ್ತು. ಎರಡು ಅಂದದ್ದು ಏಳಾಯಿತು. ಗುಂಡಿ ಒತ್ತಿದರು, ಪೆಟ್ಟಿಗೆ ಉಸಿರೆತ್ತಲಿಲ್ಲ.

ತಿಪ್ಪೇಶ: ಹಂಗಾದ್ರೆ ಈ ಹಸಿರು ಪಟ್ಟಿ. ರ್‍ಯಾಮು ಅಂತಾರೆ ಇದಕ್ಕೆ. ಮೊನ್ನೆ ಫೋನಾಗೆ ವಿಡಿಯೋ ಬಂದಿತ್ತು. ಇದನ್ನ ಕಿತ್ತು, ಬಾಯಿಗೆ ರಬ್ಬರ್ ಹಾಕಿ ಉಜ್ಜಿ, ಮತ್ತೆ ಕೂರಿಸಿದ್ರೆ ಸತ್ತಿದ್ದೂ ಏಳ್ತದೆ. ನಿನ್ನ ಪೆನ್ಸಿಲ್ ಡಬ್ಬಿ ತಾ.

ಕಾವ್ಯ: ವಿಡಿಯೋ ಪೂರ್ತಿ ನೋಡಿದ್ರಾ?

ತಿಪ್ಪೇಶ: ಅರ್ಧ ನೋಡಿದೆ. ಅಷ್ಟರಾಗೆ ಕುರಿ ಮಾರಾಟದ್ದು ಬಂತು.

ಬೇಡ ಅನ್ನಬೇಕಿತ್ತು ಕಾವ್ಯ. ಆದರೆ ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು, ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ, ರಬ್ಬರೂ ಆಸರೆ. ಕೊಟ್ಟಳು. ತಿಪ್ಪೇಶ ಆ ಪಟ್ಟಿಯನ್ನು ಕಿತ್ತು, ನಾಲಿಗೆ ಕಚ್ಚಿಕೊಂಡು, ಎಮ್ಮೆಯ ಮೈ ತಿಕ್ಕಿದ ಹಾಗೆ ತಿಕ್ಕಿದ. ಉಫ್ ಎಂದು ಊದಿದ. ಊದಿದ್ದರಲ್ಲಿ ಗಾಳಿಗಿಂತ ಉಗುಳೇ ಹೆಚ್ಚಿತ್ತು. ಮತ್ತೆ ಅದರ ಜಾಗದಲ್ಲಿಟ್ಟು ಒತ್ತಿದ.

ಕಾವ್ಯ: ಒಂದು ಕಡೆ ಎದ್ದಂಗೈತೆ.

ತಿಪ್ಪೇಶ: ಅದು ಇರೋದೇ ಹಂಗೆ.

ಕಾವ್ಯ: ಮೊದಲು ಹಂಗಿರಲಿಲ್ಲ.

ತಿಪ್ಪೇಶ: ಮೊದಲು ತಪ್ಪು ಕೂರಿಸಿದ್ರು.

ಗುಂಡಿ ಒತ್ತಿದರು. ಇಲ್ಲ. ಮತ್ತೆ ಒತ್ತಿದರು. ಇಲ್ಲವೇ ಇಲ್ಲ. ‘ನೋ ಸಿಗ್ನಲ್’ ಮಾತ್ರ ಆ ಮೂಲೆಯಿಂದ ಈ ಮೂಲೆಗೆ ಓಡಾಡಿಕೊಂಡಿತ್ತು. ಕಾವ್ಯಳಿಗೆ ಅಳು ಬಂತು. ಗಂಡನ ಮುಂದೆ ಅತ್ತರೆ ಅದನ್ನೂ ರಿಪೇರಿ ಮಾಡಲು ಬರುತ್ತಾನೆ ಎಂದು ನುಂಗಿಕೊಂಡಳು.

ಕಾವ್ಯ: ಅರವತ್ತೆರಡು ಮಕ್ಕಳು ಕಣ್ರಿ. ಕೆಂಚಣ್ಣನ ಮಗಳು ಗುಡ್ಡದಾಚೆಯಿಂದ ನಾಲ್ಕು ಮೈಲಿ ನಡ್ಕಂಡು ಬಂದು ಓದಿ ಇಪ್ಪತ್ತಕ್ಕೆ ಇಪ್ಪತ್ತು ತಗಂಡೈತೆ. ಆ ಹುಡುಗಿ ಹೆಸರಿನ ಮುಂದೆ ಸೊನ್ನೆ ಬಿದ್ರೆ ನಾನು ಯಾವ ಮುಖ ಇಟ್ಕಂಡು ಹೋಗಲಿ?

ತಿಪ್ಪೇಶನಿಗೆ ಒಳಗೆಲ್ಲೋ ಚುರುಕ್ ಎಂದಿರಬೇಕು. ಅವನು ಕೆಟ್ಟವನಲ್ಲ, ದಡ್ಡ, ಅಷ್ಟೇ, ಅದೂ ಗೊತ್ತಿಲ್ಲದ ದಡ್ಡ. ಎದ್ದು ನಿಂತು ತೋಳು ಏರಿಸಿದ.

ತಿಪ್ಪೇಶ: ಅಳಬ್ಯಾಡ. ಇನ್ನೊಂದು ದಾರಿ ಐತೆ. ಸ್ಟಾರ್ಟರ್ ಕೆಟ್ಟಾಗ ರೈತ್ರು ಏನು ಮಾಡ್ತಾರೆ? ಡೈರೆಕ್ಟ್ ಲೈನ್! ಗೋಡೆಯಿಂದ ಎರಡು ವೈರ್ ಎಳೆದು ಸೀದಾ ಇದರ ಎದಿಗೆ ಕೊಡ್ತೀನಿ. ಎದ್ರೆ ಎದ್ದಂಗೆ.

ಕಾವ್ಯ: ಏಳದಿದ್ರೆ?

ತಿಪ್ಪೇಶ: ಏಳದಿದ್ರೆ... ಫ್ಯೂಸ್ ನಾನೇ ಕಟ್ಟಿಕೊಡ್ತೀನಿ.

ಎರಡು ವೈರಿನ ತುದಿಯನ್ನು ಹಲ್ಲಿನಿಂದ ಸುಲಿಯುತ್ತ ಅವನು ಪೆಟ್ಟಿಗೆಯ ಕಡೆ ಬಾಗಿದ. ಅಷ್ಟರಲ್ಲಿ ಮಂಚದ ಕಡೆಯಿಂದ ಹತ್ತಿಯ ಉಂಡೆಯೊಂದು ಬಂದು ಅವನ ಬೆನ್ನಿಗೆ ಬಡಿಯಿತು. ಹಿಂದೆಯೇ ಅನ್ನಪೂರ್ಣಮ್ಮನೂ ಬಂದಳು.

ಅನ್ನಪೂರ್ಣಮ್ಮ: ಬಿಡಲೇ ಕೈ! ಸೋಮವಾರ ಅದರ ಹೊಟ್ಟೆ ಬಗೆದಿದ್ದು ಸಾಲ್ದಾ, ಬೆಂಕಿ ಬೇರೆ ಇಡ್ತೀಯಾ? ಏಳ್ತದೆ ಏಳ್ತದೆ ಅಂತ ಬಡ್ಕಂತಿದೀನಿ, ಸಂಜಿಕೆ ಏಳ್ತದೆ ಅಂತ!

ತಿಪ್ಪೇಶ: ಅವ್ವಾ, ನಿನಗೆ...

ಕಾವ್ಯ: ನೀವು ಸುಮ್ನಿರ್ರಿ. ಅತ್ತೆ, ಸಂಜಿಕೆ ಏಳ್ತದೆ ಅಂತ ನಿಮಗೆ ಹೆಂಗೆ ಗೊತ್ತು?

ಹದಿನೆಂಟು ವರ್ಷದಿಂದ ಮಕ್ಕಳಿಗೆ ‘ಪ್ರಶ್ನೆ ಕೇಳ್ರೋ, ಪ್ರಶ್ನೆ ಕೇಳ್ರೋ’ ಎಂದು ಗಂಟಲು ಹರಿದುಕೊಂಡವಳು ಅವಳು. ತಾನು ಕೇಳಬೇಕಾದ ಪ್ರಶ್ನೆ ಕೇಳಲು ಅವಳಿಗೆ ಒಂದೂವರೆ ಗಂಟೆ ಹಿಡಿದಿತ್ತು.

ಅನ್ನಪೂರ್ಣಮ್ಮ: ಗೊತ್ತಿರದೆ ಏನು? ನಾನೇ ಬಿಚ್ಚಿಬಿಟ್ಟಿರೋದು, ನಾನೇ ಹೂಡ್ತೀನಿ.

ತಿಪ್ಪೇಶ: ಏನು ಬಿಚ್ಚಿದೀಯ?

ಅನ್ನಪೂರ್ಣಮ್ಮ: ಹಿಂದ್ಗಡೆ ಒಂದು ಕರೇ ಗುಂಡಿ ಐತಲ್ಲ. ಆ ಹನುಮೇಶ ಧೂಳು ಹೊಡಿಯಾಕೆ ಬಂದಾಗ ಒತ್ತಿ ತೋರಿಸಿದ್ದ. ‘ಅಜ್ಜಿ, ಈಗ ಪೂರಾ ಮಲಗ್ತು, ಯಾರು ಎಬ್ಬಿಸಿದ್ರೂ ಏಳಲ್ಲ’ ಅಂದ. ಆವತ್ತಿಂದ ಸೋಮವಾರ ಬೆಳಿಗ್ಗೆ ಜಳಕ ಮಾಡಿ, ಗುಂಡಿ ಒತ್ತಿ, ಇಬತ್ತಿ ಇಟ್ಟು, ಹೂವ ಏರಿಸ್ತೀನಿ. ಸಂಜಿಕೆ ದೀಪ ಹಚ್ಚಿ ಮತ್ತೆ ಒತ್ತಿಬಿಡ್ತೀನಿ. ನಾಕು ವರ್ಷ ಆತು.

ತಿಪ್ಪೇಶ ವೈರನ್ನು ಬಾಯಲ್ಲೇ ಕಚ್ಚಿಕೊಂಡು ನಿಂತಿದ್ದ. ಕಿವಿಯಲ್ಲಿ ಕಣಗಿಲೆ ಹೂವು.

ಕಾವ್ಯ: ನಾಕು ವರ್ಷ! ಯಾಕೆ ಅತ್ತೆ?

ಅನ್ನಪೂರ್ಣಮ್ಮ: ಯಾಕೆ ಅಂದ್ರೆ? ಸೋಮವಾರ ಬಸವಣ್ಣನ ವಾರ. ದುಡಿಯೋ ಎತ್ತಿನ ಹೆಗಲಿಗೆ ಸೋಮವಾರ ನೊಗ ಇಡ್ತಾರೇನೇ? ನಮ್ಮ ಹಟ್ಟ್ಯಾಗೆ ಎತ್ತು ಮಾರಿ ಎಷ್ಟೋ ವರ್ಷ ಆತು. ಈಗ ಈ ಮನ್ಯಾಗೆ ರಾತ್ರಿ ಹಗಲು ದುಡಿಯೋದು ಇದೊಂದೇ.

ತಿಪ್ಪೇಶ: ಅವ್ವಾ, ಅದು ಎತ್ತಲ್ಲ! ಮಿಶನ್ನು! ತಗಡು! ಲೋಕ ಎಲ್ಲಿಗೆ ಹೋಗೈತೆ, ನೀನಿನ್ನೂ ಮಿಶನ್ನಿಗೆ ವಾರ ಹಿಡೀತೀಯಲ್ಲ, ಕೇಳಿದೋರು ಉಗೀತಾರೆ! ಮಿಶನ್ನಿಗೆ ಸೋಮವಾರ ಇಲ್ಲ, ಮಂಗಳವಾರ ಇಲ್ಲ!

ಅನ್ನಪೂರ್ಣಮ್ಮ: ಇಲ್ವಾ? ನಿನ್ನ ಅಂಗಡಿ ಇವತ್ತು ಯಾಕೆ ಬಾಗಿಲು ಹಾಕೈತೆ?

ತಿಪ್ಪೇಶ ಸುಲಿದ ವೈರನ್ನು ಸುತ್ತಿಡತೊಡಗಿದ.

ಕಾವ್ಯ: ಹೇಳ್ರಿ. ಯಾಕೆ ಹಾಕೈತೆ?

ತಿಪ್ಪೇಶ: ಅದು... ಅಪ್ಪನ ಕಾಲದಿಂದ ಬಂದಿದ್ದು. ಸೋಮವಾರ ಚಕ್ರ ತಿರುಗಿಸಬಾರದು ಅಂತ...

ಅನ್ನಪೂರ್ಣಮ್ಮ: ಬಸವನ ವಾರ ಅಂತ ಬೋರ್ಡ್ ಬರೆಸಿ ನೇತು ಹಾಕಿದೀಯ. ಬೋರ್ಡ್ ಹಾಕಿ ಬಂದು ಹೋಳಿಗೆ ಉಂಡು ಗೊರಕೆ ಹೊಡೀತೀಯ. ನಿನ್ನ ಮಿಶನ್ನಿಗೆ ವಾರ ಐತೆ, ಅವಳ ಮಿಶನ್ನಿಗೆ ಇಲ್ವಾ? ಯಾವ ಮಠದ ಸ್ವಾಮಿ ಹೇಳಿಕೊಟ್ಟ ಶಾಸ್ತ್ರನಪ್ಪ ಇದು?

ಕಾವ್ಯಳಿಗೆ ಮಧ್ಯಾಹ್ನದಿಂದ ಮೊದಲ ಸಲ ನಗು ಬಂತು. ಆದರೆ ಗಡಿಯಾರ ನಗುತ್ತಿರಲಿಲ್ಲ. ನಾಲ್ಕೂ ಇಪ್ಪತ್ತು.

ಕಾವ್ಯ: ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಗುಂಡಿ ಒತ್ತಿಬಿಡ್ರಿ. ಐದರೊಳಗೆ ಹೋಗದಿದ್ರೆ ಮಕ್ಕಳಿಗೆ ಸೊನ್ನೆ.

ಅನ್ನಪೂರ್ಣಮ್ಮ: ಸೊನ್ನೆನಾ? ಮೊದಲೇ ಹೇಳಬಾರದಾ?

ಕಾವ್ಯ: ಒಂದೂವರೆ ಗಂಟೆಯಿಂದ ಅದನ್ನೇ ಹೇಳ್ತಿದೀನಿ!

ಅನ್ನಪೂರ್ಣಮ್ಮ: ಅವನಿಗೆ ಹೇಳ್ತಿದ್ದೆ. ನನಗೆ ಹೇಳಿದ್ದು ‘ಸುಮ್ನೆ ಕುಂತ್ಕಳ್ರಿ’ ಅಂತ. ಕುಂತಿದ್ದೆ.

ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಅನ್ನಪೂರ್ಣಮ್ಮ: ಒತ್ತಾಕೆ ಅಡ್ಡಿಯಿಲ್ಲ. ನಮ್ಮ ಮಾವನೂ ಒಂದ್ಸಲ ಬಿತ್ತನೆ ಹದ ತಪ್ಪುತ್ತೆ ಅಂತ ಸೋಮವಾರ ಹೂಡಿದ್ದ. ಆದ್ರೆ ತಪ್ಪಿಗೆ ತಕ್ಕಂತೆ ನಡ್ಕಂಡ. ಮಂಗಳವಾರ ಎತ್ತಿಗೆ ಪೂರಾ ರಜೆ ಕೊಟ್ಟು, ಅವುಕ್ಕೆ ಮೇವು ನೀರು ಸಗಣಿ ಬಾಚೋದು ಎಲ್ಲಾ ತಾನೇ ಮಾಡಿದ, ಆಳಿನ ಕೈಲಿ ಮುಟ್ಟಿಸಲಿಲ್ಲ. ಹಂಗೆ ನಾಳೆ ಇದಕ್ಕೆ ರಜೆ.

ತಿಪ್ಪೇಶ: ಅಷ್ಟೇನಾ? ಕೊಡು ಕೊಡು. ಅದಕ್ಕೆ ಮೇವು ನಾನೇ ಹಾಕ್ತೀನಿ!

ಅನ್ನಪೂರ್ಣಮ್ಮ: ನಗಬ್ಯಾಡ, ಇನ್ನೂ ಮುಗಿದಿಲ್ಲ. ನೊಗಕ್ಕೆ ಒಂಟಿ ಎತ್ತು ಕಟ್ಟಿದ್ದು ಎಲ್ಲಾದ್ರೂ ಕಂಡಿದೀಯ? ಇದು ದುಡಿಯುವಾಗ ಇದರ ಮುಂದೆ ಕುಂತು ಜೊತೆಗೆ ದುಡಿಯೋದು ಯಾರು?

ತಿಪ್ಪೇಶ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

ಅನ್ನಪೂರ್ಣಮ್ಮ: ಜೋಡೆತ್ತು. ಇಬ್ರಿಗೂ ಸೋಮವಾರ ಹೂಡಿದ್ರೆ ಇಬ್ರಿಗೂ ಮಂಗಳವಾರ ರಜೆ. ಅವಳು ಸ್ಕೂಲಿಗೆ ಹೋಗಿ ಬರಲಿ, ಅದು ಸರ್ಕಾರದ್ದು. ಮನೇದು ಮುಟ್ಟಂಗಿಲ್ಲ. ಬೆಳಗಿನ ರೊಟ್ಟಿ, ಮಧ್ಯಾಹ್ನದ ಬುತ್ತಿ, ರಾತ್ರಿ ಮುದ್ದೆ, ಮುಸುರೆ, ಎಲ್ಲಾ ನಿಂದು. ಒಪ್ಪಿದ್ರೆ ಗುಂಡಿ ಒತ್ತೀನಿ. ಇಲ್ಲ ಅಂದ್ರೆ ಬತ್ತಿ ಹೊಸೀತೀನಿ.

ತಿಪ್ಪೇಶ: ರೊಟ್ಟಿನಾ? ಅವ್ವಾ, ನನಗೆ ರೊಟ್ಟಿ ತಟ್ಟಾಕೆ...

ಕಾವ್ಯ: ತಟ್ಟಾಕೆ ಬರುತ್ತೆ ಬಿಡ್ರಿ. ಮಧ್ಯಾಹ್ನದಿಂದ ಅದನ್ನೇ ಮಾಡ್ತಿದೀರಲ್ಲ.

ಗಡಿಯಾರ ನಾಲ್ಕೂ ಇಪ್ಪತ್ತೈದು. ತಿಪ್ಪೇಶ ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ, ಕಡೆಗೆ ತನ್ನ ಸ್ಪ್ಯಾನರಿನ ಮುಖವನ್ನೂ ನೋಡಿದ. ಎಲ್ಲೂ ದಾರಿ ಕಾಣಲಿಲ್ಲ. ಹೂಂ ಅಂದ.

ಅನ್ನಪೂರ್ಣಮ್ಮ ಪೆಟ್ಟಿಗೆಯ ಹಿಂದಕ್ಕೆ ಕೈ ಹಾಕಿ, “ತಪ್ಪಾತು ಬಸವಣ್ಣ” ಎಂದು ಗುಂಡಿ ಒತ್ತಿದಳು. ಕಾವ್ಯ ಮುಂದಿನ ಗುಂಡಿ ಒತ್ತಿದಳು. ಫ್ಯಾನ್ ಗುಂಯ್ ಎಂದಿತು, ಏಳು ತೊಟ್ಟು ಎಣ್ಣೆಯನ್ನು ತಿಪ್ಪೇಶನ ಮುಖಕ್ಕೇ ಸಿಡಿಸಿತು. ಆಮೇಲೆ ಕೂಗಿತು: ಬೀಪ್. ಬೀಪ್. ಬೀಪ್. ಪರದೆ ಮಾತ್ರ ಹಾಗೇ ಇತ್ತು.

ತಿಪ್ಪೇಶ: ನೋಡಿದ್ರಾ! ನಾನು ಹೇಳ್ಲಿಲ್ವಾ? ಒಳಗೆ ಏನೋ ಕೆಟ್ಟೈತೆ ಅಂತ!

ಕಾವ್ಯ: ಕೆಟ್ಟಿರಲಿಲ್ಲ. ಈಗ ಕೆಟ್ಟೈತೆ.

ಕೋತಿ ಹುಣ್ಣು ಬ್ರಹ್ಮರಾಕ್ಷಸಿ ಆಯಿತು ಅನ್ನುವುದು ಇದಕ್ಕೇ. ಕಾವ್ಯ ಮತ್ತೆ ಹನುಮೇಶನಿಗೆ ಕರೆ ಮಾಡಿದಳು, ಈ ಸಲ ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು.

ಹನುಮೇಶ: ಮೂರು ಬೀಪ್ ಅಂದ್ರೆ ರ್‍ಯಾಮ್ ಸರಿಯಾಗಿ ಕೂತಿಲ್ಲ ಮೇಡಂ. ಅದನ್ನ ಯಾರಾದ್ರೂ ಮುಟ್ಟಿದ್ರಾ?

ಕಾವ್ಯ: ಇಪ್ಪತ್ತಾರು ವರ್ಷ ಕರೆಂಟ್ ಜೊತೆ ಸಂಸಾರ ಮಾಡಿದೋರು ಮುಟ್ಟಿದ್ರು.

ಹನುಮೇಶ: ಆಫ್ ಮಾಡಿ, ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ರಿ. ಟಕ್ ಅನ್ನಬೇಕು.

ಆಫ್ ಮಾಡಿ ಒತ್ತಿದಳು. ಟಕ್ ಅಂತು. ಮತ್ತೆ ಆನ್ ಮಾಡಿದಳು. ‘ನೋ ಸಿಗ್ನಲ್’ ಪುಂಡರು ಎಲ್ಲಿಗೋ ಓಡಿಹೋದರು. ಪರದೆಯ ಮೇಲೆ ನೀಲಿ ಬೆಳಕು ಬಂತು. ನಾಲ್ಕೂ ನಲವತ್ತಕ್ಕೆ ಫೈಲು ಸಿಕ್ಕಿತು. ಜಾಲತಾಣ ಎರಡು ಸಲ ಅವಳನ್ನು ಹೊರಗೆ ದಬ್ಬಿತು, ಮೂರನೆಯ ಸಲ ಒಳಗೆ ಬಿಟ್ಟುಕೊಂಡಿತು. ನಾಲ್ಕೂ ಐವತ್ತೇಳಕ್ಕೆ ಅರವತ್ತೆರಡು ಮಕ್ಕಳೂ ದಾಟಿಹೋದರು, ಕೆಂಚಣ್ಣನ ಮಗಳು ಇಪ್ಪತ್ತಕ್ಕೆ ಇಪ್ಪತ್ತರೊಂದಿಗೆ. ಕಾವ್ಯ ಕುರ್ಚಿಯಲ್ಲಿ ಒರಗಿ ಕಣ್ಣೊರೆಸಿಕೊಂಡಳು.

ತಿಪ್ಪೇಶ: ಏನೇ ಹೇಳು, ರಬ್ಬರ್ ಹಾಕಿ ಉಜ್ಜಿದ್ದಕ್ಕೇ ಇಷ್ಟು ಸ್ಪೀಡಾಗಿ ಹೋಯ್ತು.

ಅತ್ತೆ ಸೊಸೆ ಇಬ್ಬರೂ ಅವನನ್ನು ನೋಡಿದರು. ಅವನು ಎಣ್ಣೆ ಮುಖ ಒರೆಸಿಕೊಳ್ಳಲು ಬಚ್ಚಲಿಗೆ ಹೋದ.

ಮಾರನೆಯ ದಿನ ಬೆಳಿಗ್ಗೆ ಆರೂವರೆ. ಕಾವ್ಯ ಮದುವೆಯಾದ ಮೇಲೆ ಮೊದಲ ಸಲ ಆ ಹೊತ್ತಿನಲ್ಲಿ ಹಾಸಿಗೆಯಲ್ಲಿದ್ದಳು. ಅಡಿಗೆಮನೆಯಿಂದ ಲೈಟರಿನ ಟಿಕ್ ಟಿಕ್ ಟಿಕ್ ಸದ್ದು ಹತ್ತು ನಿಮಿಷದಿಂದ ಕೇಳಿಬರುತ್ತಿತ್ತು. ಆಮೇಲೆ ತಟ್ಟುವ ಸದ್ದು. ಆಮೇಲೆ ಚೀಲದಿಂದ ಸ್ಪ್ಯಾನರ್ ತೆಗೆಯುವ ಸದ್ದು.

ತಿಪ್ಪೇಶ: ಲೇ, ಈ ಸ್ಟವ್ ಹತ್ತಂಗಿಲ್ಲ ಕಣೇ! ಬರ್ನರ್ ಜಾಮ್ ಆಗೈತೆ. ಬಿಚ್ಚಬೇಕು.

ಕಾವ್ಯ ದುಪ್ಪಟಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. ರಾತ್ರಿ ಮಲಗುವ ಮುಂಚೆ ಸಿಲಿಂಡರಿನ ತಲೆಯ ಮೇಲಿನ ಗುಂಡಿ ತಿರುಗಿಸಿ ಗ್ಯಾಸ್ ಬಂದ್ ಮಾಡುವುದು ಅವಳ ಹದಿನಾರು ವರ್ಷದ ರೂಢಿ.

ಕಾವ್ಯ: ಸ್ವಿಚ್ ನೋಡಿದ್ರಾ?

ತಿಪ್ಪೇಶ: ಗ್ಯಾಸಿಗೆ ಎಲ್ಲೈತೆ ಸ್ವಿಚ್ಚು? ನನಗೇ ಹೇಳಿಕೊಡ್ತೀಯಾ? ಹಿಂದ್ಗಡೆ ಮುಂದ್ಗಡೆ ಎಲ್ಲಾ ನೋಡೀನಿ! ಅವ್ವಾ, ಇದಕ್ಕೂ ಏನಾದ್ರೂ ವಾರ ಹಿಡಿದಿದೀಯೇನು?

ನಡುಮನೆಯಲ್ಲಿ ಅನ್ನಪೂರ್ಣಮ್ಮ ಹತ್ತಿಯಿಂದ ತಲೆ ಎತ್ತಲಿಲ್ಲ.

ಅನ್ನಪೂರ್ಣಮ್ಮ: ಇಲ್ಲಪ್ಪ. ನನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನೆ ಕುಂತಿದೀನಿ.